ಮೆದುಳಿನ ಸೂಕ್ಷ್ಮ ಶಸ್ತ್ರಚಿಕಿತ್ಸೆ ಮತ್ತು ಕೈಯಭ್ಯಾಸ

ಮನೆಯವರೊಬ್ಬರಿಗೆ ಮೆದುಳಿನ ಶಸ್ತ್ರಚಿಕಿತ್ಸೆ ಆಗಬೇಕೆಂದು ತಿಳಿದಾಗ ಬಂಧುಗಳ ಮನಸ್ಸಿನಲ್ಲಿ ಅಳುಕೊಂದು ಮೂಡುತ್ತದೆ: ಈ ವೈದ್ಯರ ಕೈ ಪಳಗಿದೆಯೇ, ಅಥವಾ ನಮ್ಮವರ ಮೇಲೆಯೇ ಕಲಿಯುವರೇ? ಈ ಅಳುಕು ಸಹಜವಾದುದು. ಆದ್ದರಿಂದ ಆ ಕೈ ಪಳಗುವ ಬಗೆಯನ್ನು ಇಲ್ಲಿ ವಿವರಿಸುತ್ತೇವೆ.

ಸುಶ್ರುತ ಸಂಹಿತೆಯ ಸೂತ್ರಸ್ಥಾನದ 9ನೆಯ ಅಧ್ಯಾಯಕ್ಕೆ ‘ಯೋಗ್ಯಾಸೂತ್ರೀಯ’ವೆಂದು ಹೆಸರು. ಯೋಗ್ಯಾ ಎಂದರೆ ಕೈಯಭ್ಯಾಸ. ಎಷ್ಟೇ ಶಾಸ್ತ್ರ ಓದಿದ್ದರೂ ಅಭ್ಯಾಸವಿಲ್ಲದವನು ಚಿಕಿತ್ಸಾಕರ್ಮಕ್ಕೆ ಅರ್ಹನಲ್ಲವೆಂಬುದು ಅಲ್ಲಿಯ ಅಭಿಪ್ರಾಯ. ಕುಂಬಳ, ಸೋರೆ, ಸೌತೆಗಳಲ್ಲಿ ಛೇದನ. ಸತ್ತ ಪ್ರಾಣಿಗಳ ಸಿರೆ ಹಾಗೂ ತಾವರೆಯ ದಂಟಿನಲ್ಲಿ ವೇಧನ. ಬಟ್ಟೆ ಮತ್ತು ಮೃದುವಾದ ಚರ್ಮದ ಅಂಚುಗಳಲ್ಲಿ ಹೊಲಿಗೆ. ಮನುಷ್ಯಾಕೃತಿಯ ಬೊಂಬೆಯ ಮೇಲೆ ಪಟ್ಟಿ ಕಟ್ಟುವಿಕೆ ಹೀಗೆ ಕ್ರಮವನ್ನು ಹೇಳಿದೆ. ಇಂದಿನ ಮೆದುಳಿನ ಶಸ್ತ್ರಚಿಕಿತ್ಸೆ ಅಂದೇ ಇತ್ತೆಂದು ನಾವು ಹೇಳಲಾರೆವು. ಆದರೆ ರೋಗಿಯನ್ನು ಮುಟ್ಟುವ ಮುನ್ನ ಬೇರೆಡೆ ಪಳಗಬೇಕೆಂಬ ತತ್ತ್ವ ಎರಡಕ್ಕೂ ಸಮಾನ.

ಮೆದುಳಿನ ಮೇಲ್ಮೈಯ ರಕ್ತನಾಳ ಕೆಲವೆಡೆ 1 ಮಿಲಿಮೀಟರಿನಷ್ಟೇ ದಪ್ಪ. ಅದನ್ನು ಹೊಲಿಯುವ ನೂಲು ತಲೆಗೂದಲಿಗಿಂತಲೂ ತೆಳು. ಸೂಕ್ಷ್ಮದರ್ಶಕದಲ್ಲಿ ನಾಳ ದೊಡ್ಡದಾಗಿ ಕಾಣುವಂತೆಯೇ ಕೈಯ ನಡುಕವೂ ದೊಡ್ಡದಾಗಿ ಕಾಣುತ್ತದೆ. ಆದುದರಿಂದ ಮುಂಗೈಗೆ ಆಸರೆ ಕೊಟ್ಟು ಬೆರಳುಗಳಷ್ಟೇ ಚಲಿಸುವಂತೆ ರೂಢಿಸಿಕೊಳ್ಳಬೇಕು. ಸೂಜಿ ಎದುರಿನ ಗೋಡೆಯನ್ನೂ ಸೇರಿಸಿ ಹೊಲಿದರೆ ನಾಳವೇ ಮುಚ್ಚಿಹೋಗುತ್ತದೆ. ಹೊಲಿಯುವಷ್ಟು ಹೊತ್ತು ಆ ನಾಳದ ರಕ್ತಸಂಚಾರವನ್ನು ತಡೆದಿರಬೇಕಾದ್ದರಿಂದ ಪ್ರತಿಯೊಂದು ನಿಮಿಷಕ್ಕೂ ಬೆಲೆಯಿದೆ.

ಟರ್ಕಿಯಲ್ಲಿ ಜನಿಸಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಸೇವೆ ಸಲ್ಲಿಸಿದ ಗಾಜಿ ಯಾಸರ್ಗಿಲ್ ಅವರ ಉದಾಹರಣೆ ಸ್ಮರಣೀಯ. 1965ರಲ್ಲಿ, ಆಗಲೇ ನುರಿತ ಶಸ್ತ್ರವೈದ್ಯರಾಗಿದ್ದ ಅವರು ಅಮೆರಿಕದ ಬರ್ಲಿಂಗ್ಟನ್‌ಗೆ ತೆರಳಿ, ಡೊನಾಹಿ ಅವರ ಪ್ರಯೋಗಾಲಯದಲ್ಲಿ ವರ್ಷಕ್ಕೂ ಮಿಕ್ಕಿ ಪ್ರಾಣಿಗಳ ಸಣ್ಣ ನಾಳಗಳನ್ನು ಹೊಲಿದು ಅಭ್ಯಸಿಸಿದರು. ಆ ಬಳಿಕ 1967ರ ಅಕ್ಟೋಬರ್ 30ರಂದು ಜ್ಯೂರಿಕ್‌ನಲ್ಲಿ ರೋಗಿಯೊಬ್ಬರ ನೆತ್ತಿಯ ಚರ್ಮದ ನಾಳವನ್ನು ಮೆದುಳಿನ ನಾಳಕ್ಕೆ ಜೋಡಿಸಿದರು.

ಇಂದು ಕಲಿಯುವವರು ಮೊದಲು ಸಿಲಿಕೋನ್ ಕೊಳವೆಯನ್ನು ಹೊಲಿಯುತ್ತಾರೆ. ಅನಂತರ ಕೋಳಿಯ ರೆಕ್ಕೆಯ ನಾಳ, ಹೆರಿಗೆಯ ಬಳಿಕ ತಾಯಿಯ ಒಪ್ಪಿಗೆಯಿಂದ ಪಡೆದ ಮಾಸದ ನಾಳಗಳು, ಕೆಲವೆಡೆ ಅರಿವಳಿಕೆ ಕೊಟ್ಟ ಇಲಿಯ ನಾಳ. ರೋಗಿಯ ಸ್ಕ್ಯಾನ್ ಆಧರಿಸಿ ಮುದ್ರಿಸಿದ ತಲೆಬುರುಡೆಯ ಮಾದರಿಗಳೂ ಬಂದಿವೆ. ದೆಹಲಿಯ ಏಮ್ಸ್‌ನಲ್ಲಿ ಇಂಥ ಅಭ್ಯಾಸಕ್ಕೆಂದೇ ಪ್ರಯೋಗಾಲಯವಿದೆ. ಹೊಲಿದ ನಾಳದಲ್ಲಿ ನೀರು ಹರಿಸಿ, ಸೋರುವುದೇ, ಕಟ್ಟಿಕೊಂಡಿದೆಯೇ, ಎಷ್ಟು ಸಮಯ ಹಿಡಿಯಿತು ಎಂದು ಪರೀಕ್ಷಿಸುತ್ತಾರೆ.

ಇದಕ್ಕೂ ಮಿತಿಯಿದೆ. ಕೋಳಿಯ ರೆಕ್ಕೆಯಲ್ಲಿ ರಕ್ತ ಚಿಮ್ಮುವುದಿಲ್ಲ, ಮೆದುಳು ಬಾಯುವುದಿಲ್ಲ, ಕೈಕೆಳಗೆ ಒಂದು ಜೀವ ಇದೆಯೆಂಬ ಭಾರವೂ ಇಲ್ಲ. ಎಲ್ಲಿ ನಿಲ್ಲಿಸಬೇಕೆಂಬ ವಿವೇಕ ಹಿರಿಯರ ಬಳಿ ನಿಂತು ಕಲಿಯಬೇಕಾದುದೇ.

ಓದುಗರಲ್ಲಿ ನಮ್ಮ ವಿನಂತಿ ಮೂರು. ಶಸ್ತ್ರಚಿಕಿತ್ಸೆಯನ್ನು ಯಾರು ಮಾಡುವರು, ಇಂಥವನ್ನು ಎಷ್ಟು ಮಾಡಿರುವರು, ಹಿರಿಯರು ಜೊತೆಗಿರುವರೇ ಎಂದು ವಿನಯದಿಂದ ಕೇಳಿರಿ; ಅದು ಅಗೌರವವಲ್ಲ. ಮೆದುಳಿನ ನಾಳ ಉಬ್ಬಿ ಒಡೆದಾಗ ಕಷಾಯ, ಲೇಹ್ಯಗಳನ್ನು ನಂಬಿ ಕಾಲಹರಣ ಮಾಡದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಆಯುರ್ವೇದ ವೈದ್ಯರಾಗಿಯೇ ನಾವು ಇದನ್ನು ಹೇಳುತ್ತಿದ್ದೇವೆ. ಕೊನೆಯದಾಗಿ, ತಲೆಬುರುಡೆಯೊಳಗಿನ ಹಾದಿಗಳನ್ನು ಕಲಿಯಲು ಮಾನವದೇಹಕ್ಕೆ ಸಮನಾದುದು ಇನ್ನೂ ಬಂದಿಲ್ಲ. ದೇಹದಾನದ ವಿಚಾರವನ್ನು ಮನೆಯಲ್ಲಿ ಕುಳಿತು ಎಲ್ಲರೂ ಚರ್ಚಿಸಿರಿ. ಒಪ್ಪಿದವರು ಸಮೀಪದ ವೈದ್ಯಕೀಯ ಕಾಲೇಜಿನ ಅಂಗರಚನಾ ವಿಭಾಗದಲ್ಲಿ ಹೆಸರು ನೋಂದಾಯಿಸಿ, ಆ ವಿಷಯವನ್ನು ಮಕ್ಕಳಿಗೂ ತಿಳಿಸಿಡಿರಿ.