ಅಟ್ಲಾಂಟಿಕದ ಮೇಲೆ ಹೋಗುವ ಹೊತ್ತು, ಬರುವ ಹೊತ್ತು

ಲಂಡನ್ನಿನ ಹೀಥ್ರೂ ವಿಮಾನನಿಲ್ದಾಣಕ್ಕೂ ನ್ಯೂಯಾರ್ಕಿನ ಕೆನಡಿ ನಿಲ್ದಾಣಕ್ಕೂ ನಡುವಣ ದೂರ ಸುಮಾರು 5,540 ಕಿಲೋಮೀಟರು. ಹೋಗುವಾಗಲೂ ಅಷ್ಟೇ, ಬರುವಾಗಲೂ ಅಷ್ಟೇ. ಆದರೂ ವೇಳಾಪಟ್ಟಿಯನ್ನು ತೆರೆದು ನೋಡುವವರು, ಪಶ್ಚಿಮಾಭಿಮುಖವಾದ ಪ್ರಯಾಣಕ್ಕೆ ಎಂಟು ಗಂಟೆಗಳಷ್ಟು ಕಾಲ ಹಿಡಿದರೆ ಮರಳಿ ಬರಲು ಏಳು ಗಂಟೆಯೇ ಸಾಕೆಂದು ಬರೆದಿರುವುದನ್ನು ಕಂಡು, ಪಟ್ಟಿ ಸಿದ್ಧಪಡಿಸಿದವರು ಎಲ್ಲಿಯೋ ಎಡವಿರಬೇಕೆಂದು ಶಂಕಿಸಿದರೆ ಸೋಜಿಗವಿಲ್ಲ.

ಮೊದಲು ದೂರದ ಮಾತು. ನ್ಯೂಯಾರ್ಕು ಲಂಡನ್ನಿಗಿಂತ ಹತ್ತು ಅಕ್ಷಾಂಶಗಳಿಗೂ ಮಿಕ್ಕು ದಕ್ಷಿಣಕ್ಕಿದೆ. ಆದಾಗ್ಯೂ ಅಲ್ಲಿಗೆ ನೇರವಾದ ದಾರಿ ನೈಋತ್ಯದತ್ತ ಹೊರಡದೆ, ಪಶ್ಚಿಮದಿಂದ ತುಸು ಉತ್ತರಕ್ಕೆ ವಾಲಿ, ಐರ್ಲೆಂಡಿನ ಮೇಲೆ ಹಾಯ್ದು ಸಾಗರವನ್ನು ಪ್ರವೇಶಿಸುತ್ತದೆ. ಗೋಡೆಯ ಭೂಪಟದಲ್ಲಿ ಇದು ಸುತ್ತುದಾರಿಯಂತೆ ತೋರುವುದಾದರೂ, ಗೋಳದ ಮೇಲೆ ಈ ಎರಡು ಊರುಗಳ ನಡುವೆ ದಾರವೊಂದನ್ನು ಬಿಗಿಯಾಗಿ ಎಳೆದು ಹಿಡಿದರೆ ಅದು ಇದೇ ಹಾದಿಯಲ್ಲಿ ನಿಲ್ಲುವುದು. ಗಣಿತಜ್ಞರು ಇದನ್ನು ಮಹಾವೃತ್ತದ ಮಾರ್ಗವೆನ್ನುತ್ತಾರೆ. ದಿಕ್ಸೂಚಿಯ ಒಂದೇ ದಿಕ್ಕನ್ನು ಕಡೆಯವರೆಗೂ ಹಿಡಿದು ಹೋದರೆ ಇನ್ನೂರು ಕಿಲೋಮೀಟರಿಗೂ ಹೆಚ್ಚು ದಾರಿ ವ್ಯರ್ಥವಾಗುವುದು.

ಇನ್ನು ಕಾಲದ ವಿಚಾರ. ಭೂಮಿಯಿಂದ ಹತ್ತು ಹನ್ನೆರಡು ಕಿಲೋಮೀಟರು ಎತ್ತರದಲ್ಲಿ, ಉತ್ತರದ ಶೀತಲ ವಾಯುವೂ ದಕ್ಷಿಣದ ಉಷ್ಣ ವಾಯುವೂ ಸಂಧಿಸುವೆಡೆ, ಜೆಟ್ ಸ್ಟ್ರೀಮ್ ಎಂಬ ಪ್ರಬಲ ಮಾರುತವು ಪಶ್ಚಿಮದಿಂದ ಪೂರ್ವಕ್ಕೆ ಹರಿಯುತ್ತಿರುವುದು. ಚಳಿಗಾಲದಲ್ಲಿ ಅದರ ವೇಗ ಗಂಟೆಗೆ 200 ಕಿಲೋಮೀಟರನ್ನು ಮೀರುವುದು ಅಪರೂಪವಲ್ಲ. ಗಾಳಿಯಲ್ಲಿ ಗಂಟೆಗೆ 900 ಕಿಲೋಮೀಟರು ಸಾಗುವ ವಿಮಾನಕ್ಕೆ 150 ಕಿಲೋಮೀಟರಿನ ಗಾಳಿ ದಾರಿಯುದ್ದಕ್ಕೂ ಬೀಸಿತೆಂದಿಟ್ಟುಕೊಳ್ಳೋಣ: ಬೆನ್ನಿಗಿದ್ದರೆ 5 ಗಂಟೆ 17 ನಿಮಿಷ, ಎದುರಿಗಿದ್ದರೆ 7 ಗಂಟೆ 23 ನಿಮಿಷ. ಒಂದು ಕಡೆ ಕಳೆದುದು ಇನ್ನೊಂದು ಕಡೆ ದಕ್ಕಿತಲ್ಲ ಎನ್ನುವಂತಿಲ್ಲ. ಗಾಳಿಯೇ ಇಲ್ಲದಿದ್ದರೆ ಹೋಗಿಬರಲು ತಗಲುತ್ತಿದ್ದುದು 12 ಗಂಟೆ 19 ನಿಮಿಷ ಮಾತ್ರ. ಎದುರುಗಾಳಿಯಲ್ಲಿ ಹೆಚ್ಚು ಹೊತ್ತು ಇರಬೇಕಾಗುವುದರಿಂದ ಇಪ್ಪತ್ತು ನಿಮಿಷಕ್ಕೂ ಮಿಕ್ಕ ನಷ್ಟ ಉಳಿದೇ ಉಳಿಯುತ್ತದೆ. ಮಾರುತನು ಸಾಲಗಾರನಾಗಿ ಪ್ರಾಮಾಣಿಕನಲ್ಲ!

ಆದುದರಿಂದಲೇ ನ್ಯೂಫೌಂಡ್‌ಲೆಂಡಿನ ಗ್ಯಾಂಡರ್ ವಿಮಾನಸಂಚಾರ ನಿಯಂತ್ರಣ ಕೇಂದ್ರದವರೂ ಈಚೆಯ ದಡದ ಶಾನ್ವಿಕ್ ಕೇಂದ್ರದವರೂ ಅಂದಂದಿನ ಗಾಳಿಯನ್ನು ನೋಡಿ ಸಾಗರದ ಮೇಲಿನ ಹಾದಿಗಳನ್ನು ದಿನದಿನವೂ ಹೊಸದಾಗಿ ಗೊತ್ತುಮಾಡುವ ಪದ್ಧತಿ ಬೆಳೆದುಬಂದಿದೆ. ಪೂರ್ವಕ್ಕೆ ಬರುವವರು ಆ ಪ್ರವಾಹವನ್ನು ಅರಸಿಕೊಂಡು ಬರುತ್ತಾರೆ, ಪಶ್ಚಿಮಕ್ಕೆ ಹೋಗುವವರು ಅದನ್ನು ತಪ್ಪಿಸಿಕೊಂಡು ಹೋಗುತ್ತಾರೆ. ಆಗ ದೂರ ಹೆಚ್ಚಿದರೂ ಹೊತ್ತು ಉಳಿಯುವುದುಂಟು.

ಯಂತ್ರದ ಬಲದಿಂದ ಈ ಅಂತರವನ್ನು ಗೆದ್ದ ಪ್ರಯಾಣಿಕ ವಿಮಾನ ಕಾಂಕಾರ್ಡ್ ಒಂದೇ: 1996ರ ಫೆಬ್ರವರಿ 7ರಂದು ಅದು ನ್ಯೂಯಾರ್ಕಿನಿಂದ ಲಂಡನ್ನಿಗೆ 2 ಗಂಟೆ 53 ನಿಮಿಷದೊಳಗೆ ಬಂದಿತು. ಇಂಧನದ ದಾಹವೂ ಗರ್ಜನೆಯೂ ಅತಿಯಾಗಿದ್ದ ಆ ವಿಮಾನದ ಸಂಚಾರ 2003ರಲ್ಲಿ ನಿಂತಿತು. ನಿಯತ ಸೇವೆಯಲ್ಲಿ ಪ್ರಯಾಣಿಕರನ್ನು ಹೊತ್ತು ಅಟ್ಲಾಂಟಿಕವನ್ನು ದಾಟಿದ ಮೊದಲ ಜೆಟ್ ವಿಮಾನವಾದ ಕಾಮೆಟ್, 1958ರ ಅಕ್ಟೋಬರ್ 4ರಂದು ಅದೇ ದಾರಿಗೆ ತೆಗೆದುಕೊಂಡದ್ದು 6 ಗಂಟೆ 12 ನಿಮಿಷ. ಇಂದಿನ ವೇಳಾಪಟ್ಟಿ ಅದಕ್ಕಿಂತ ಕಡಿಮೆಯೇನೂ ಕೇಳುವುದಿಲ್ಲ.