ಸಂದರ್ಶನವೆಂಬ ಅಳತೆಗೋಲು

ಕಬ್ಬು ಕಟಾವಿಗೆ ಬಂದಿದೆಯೆ ಇಲ್ಲವೆ ಎಂಬುದನ್ನು ರೈತನು ಗರಿಯ ಬಣ್ಣವನ್ನು ನೋಡಿ, ಜಲ್ಲೆಯ ತುಂಡೊಂದನ್ನು ಅಗಿದು ಊಹಿಸಬಲ್ಲನು. ಅನುಭವಿಯ ಕಣ್ಣು ನಾಲಗೆಗಳು ಸಾಮಾನ್ಯವಾದುವಲ್ಲ. ಆದರೂ ಸಕ್ಕರೆ ಕಾರ್ಖಾನೆಗೆ ಅಷ್ಟೇ ಸಾಲದು. ರಸದ ಒಂದೆರಡು ಹನಿಗಳನ್ನು ವಕ್ರೀಭವನ ಮಾಪಕದ ಗಾಜಿನ ಮೇಲೆ ಹಾಕಿ ಬೆಳಕಿಗೆ ಹಿಡಿದು ನೋಡುತ್ತಾರೆ. ರಸದಲ್ಲಿ ಕರಗಿದ ಸಕ್ಕರೆ ಹೆಚ್ಚಿದಷ್ಟೂ ಬೆಳಕು ಹೆಚ್ಚಾಗಿ ಬಾಗುತ್ತದೆ. ಆ ಬಾಗನ್ನು ಬ್ರಿಕ್ಸ್ ಎಂಬ ಮಾನದಲ್ಲಿ ಓದುತ್ತಾರೆ. 100 ಗ್ರಾಂ ದ್ರಾವಣದಲ್ಲಿ 1 ಗ್ರಾಂ ಸಕ್ಕರೆಯಿದ್ದರೆ ಅದು 1 ಬ್ರಿಕ್ಸ್. ಇಲ್ಲಿ ಮತ್ತೊಂದು ಎಚ್ಚರಿಕೆಯೂ ಬೇಕು. ಪೂರ್ತಿ ಮಾಗದ ಕಬ್ಬಿನ ಬುಡದಲ್ಲಿ ಸಿಹಿ ಹೆಚ್ಚು, ತುದಿಯಲ್ಲಿ ಕಡಮೆ. ಒಂದೇ ಜಲ್ಲೆಯ ಒಂದೇ ತುಂಡನ್ನು ಪರೀಕ್ಷಿಸಿ ಇಡೀ ಗದ್ದೆಯ ಗುಣವನ್ನು ಹೇಳಿದರೆ ತಪ್ಪಾದೀತು. ಹಲವು ಜಲ್ಲೆಗಳ ಬುಡ, ನಡು, ತುದಿಗಳನ್ನು ಒಂದೇ ಕ್ರಮದಲ್ಲಿ ನೋಡಬೇಕು.

1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪಿತವಾದಂದಿನಿಂದ ಮಂಡ್ಯದ ಸೀಮೆಗೆ ಈ ಬಗೆಯ ಅಳತೆ ಹೊಸದಲ್ಲ. ಆದರೆ ಇದೇ ಸೀಮೆಯ ತರುಣ ತರುಣಿಯರನ್ನು ಉದ್ಯೋಗಕ್ಕಾಗಿ ಅಳೆಯುವಾಗ ಬಳಸುವ ಮಾಪಕ ಯಾವುದು? ಮಂಡ್ಯದ ಇಂಜಿನಿಯರಿಂಗ್ ಪದವೀಧರನಾಗಲಿ, ಮಳವಳ್ಳಿಯ ಪದವಿ ಕಾಲೇಜಿನ ವಿದ್ಯಾರ್ಥಿನಿಯಾಗಲಿ, ಗೆಜ್ಜಲಗೆರೆಯ ಕೈಗಾರಿಕಾ ಪ್ರದೇಶದಲ್ಲಿ ಕೆಲಸವನ್ನರಸುವ ಮದ್ದೂರಿನ ಹುಡುಗನಾಗಲಿ, ಎಲ್ಲರೂ ಒಂದಲ್ಲ ಒಂದು ದಿನ ಮೇಜಿನ ಈಚೆಗೆ ಕುಳಿತು, ಆಚೆಗೆ ಕುಳಿತ ಇಬ್ಬರು ಮೂವರ ಪ್ರಶ್ನೆಗಳಿಗೆ ಉತ್ತರ ಹೇಳಬೇಕಾಗುತ್ತದೆ. ಹದಿನೈದಿಪ್ಪತ್ತು ನಿಮಿಷಗಳ ಆ ಮಾತುಕತೆಯ ಮೇಲೆ ಒಂದು ಸಂಸಾರದ ಮುಂದಿನ ದಿನಗಳು ನಿಂತಿರುವುದುಂಟು. ಈ ಮಾಪಕದ ಗುಣವೇನು, ದೋಷವೇನು ಎಂಬುದನ್ನು ಅರಿತವನು ಅದರ ಮುಂದೆ ತನ್ನನ್ನು ಸರಿಯಾಗಿ ನಿಲ್ಲಿಸಿಕೊಳ್ಳಬಲ್ಲನು.

ಕಣ್ಣು ಮಾಡುವ ಮೋಸ

1920ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ ಒಂದು ವಿಚಿತ್ರವನ್ನು ಬೆಳಕಿಗೆ ತಂದನು. ಸೈನ್ಯದ ಅಧಿಕಾರಿಗಳು ತಮ್ಮ ಕೈಕೆಳಗಿನವರ ಮೈಕಟ್ಟು, ಬುದ್ಧಿ, ನಾಯಕತ್ವ, ಶೀಲಗಳಿಗೆ ಬೇರೆಬೇರೆಯಾಗಿ ಅಂಕಗಳನ್ನು ಕೊಟ್ಟಿದ್ದರು. ಮೈಕಟ್ಟಿಗೂ ಬುದ್ಧಿಗೂ ಅಷ್ಟೇನೂ ನಂಟಿಲ್ಲ. ಆದರೆ ಒಂದರಲ್ಲಿ ಹೆಚ್ಚು ಅಂಕ ಪಡೆದವನಿಗೆ ಉಳಿದವುಗಳಲ್ಲಿಯೂ ಹೆಚ್ಚು ಅಂಕಗಳೇ ಬಂದಿದ್ದುವು. ದೇವರ ಚಿತ್ರದಲ್ಲಿ ತಲೆಯ ಸುತ್ತಲಿನ ಪ್ರಭಾವಳಿ ಇಡೀ ಮುಖವನ್ನು ಬೆಳಗುವಂತೆ, ಒಂದು ಗುಣದ ಹೊಳಪು ಉಳಿದೆಲ್ಲ ಗುಣಗಳ ಮೇಲೂ ಬಿದ್ದಿತ್ತು. ಇದಕ್ಕೆ ಪ್ರಭಾವಳಿ ದೋಷವೆಂದು ಹೆಸರಾಯಿತು.

1946ರಲ್ಲಿ ಸಾಲಮನ್ ಆಶ್ ಎಂಬ ವಿದ್ವಾಂಸನು ಮಾಡಿದ ಪ್ರಯೋಗವು ಇದಕ್ಕಿಂತ ಸರಳವಾದುದು. ಒಬ್ಬ ವ್ಯಕ್ತಿ ಬುದ್ಧಿವಂತ, ಶ್ರಮಶೀಲ, ದುಡುಕಿನವ, ಟೀಕಿಸುವವ, ಹಠಮಾರಿ, ಅಸೂಯಾಪರ ಎಂದು ಒಂದು ಗುಂಪಿಗೆ ತಿಳಿಸಿದನು. ಇದೇ ಆರು ಮಾತುಗಳನ್ನು ಇನ್ನೊಂದು ಗುಂಪಿಗೆ ತಲೆಕೆಳಗಾಗಿ, ಅಸೂಯೆಯಿಂದ ಮೊದಲು ಮಾಡಿ ಹೇಳಿದನು. ಮೊದಲನೆಯ ಗುಂಪಿಗೆ ಆ ವ್ಯಕ್ತಿ ಕೆಲವು ಕುಂದುಗಳಿದ್ದರೂ ಸಮರ್ಥನಾಗಿ ಕಂಡನು. ಎರಡನೆಯದಕ್ಕೆ ಅವನ ಸಾಮರ್ಥ್ಯವನ್ನು ಕುಂದುಗಳೇ ಮುಚ್ಚಿಬಿಟ್ಟುವು. ಮೊದಲು ಕಿವಿಗೆ ಬಿದ್ದ ಮಾತೇ ಮುಂದಿನ ಮಾತುಗಳ ಅರ್ಥವನ್ನು ತಿದ್ದುತ್ತದೆ.

ಶುಚಿಯಾದ ಉಡುಪು, ಹೊತ್ತಿಗೆ ಸರಿಯಾದ ಹಾಜರಿ, ಸ್ಪಷ್ಟವಾದ ನಮಸ್ಕಾರ ಇವುಗಳ ಬೆಲೆ ಇಲ್ಲಿದೆ. ಇವು ಯೋಗ್ಯತೆಯ ಪ್ರಮಾಣಗಳಲ್ಲ. ಮಾಪಕದ ದೋಷವು ನಮಗೆ ವಿರುದ್ಧವಾಗದಂತೆ ನಾವು ವಹಿಸುವ ಎಚ್ಚರಿಕೆಗಳು. ಬೆಲೆಬಾಳುವ ಬಟ್ಟೆ ಬೇಕಿಲ್ಲ, ಒಗೆದು ಇಸ್ತ್ರಿ ಮಾಡಿದ್ದಾದರೆ ಸಾಕು. ಮಳವಳ್ಳಿಗೆ ರೈಲಿಲ್ಲ. ಅಲ್ಲಿಯವರು ಬೆಂಗಳೂರಿಗೆ ರೈಲಿನಲ್ಲಿ ಹೋಗಬೇಕಾದರೆ ಬಸ್ಸಿನಲ್ಲಿ ಮದ್ದೂರಿಗೋ ಮಂಡ್ಯಕ್ಕೋ ಬಂದು ಹತ್ತಬೇಕು. ಅಂಥವರು ಲೆಕ್ಕಕ್ಕೆ ಸರಿಹೋಗುವ ರೈಲನ್ನು ಬಿಟ್ಟು ಅದರ ಹಿಂದಿನದನ್ನೇ ಹಿಡಿಯುವುದು ವಿವೇಕ. ಓಡೋಡಿ ಬಂದು ಬೆವರೊರೆಸಿಕೊಳ್ಳುತ್ತ ಕುಳಿತವನ ಮೊದಲ ಉತ್ತರ ಮೊದಲ ಉತ್ತರವಾಗಿಯೇ ಉಳಿಯುತ್ತದೆ.

ಹರಟೆಯೋ ಪರೀಕ್ಷೆಯೋ

ಸಂದರ್ಶನಗಳಲ್ಲಿ ಎರಡು ಬಗೆ. ಮೊದಲನೆಯದು ಹರಟೆಯ ಬಗೆ: ಊರು ಯಾವುದು, ಹವ್ಯಾಸವೇನು ಎಂದು ತೋಚಿದಂತೆ ಕೇಳುತ್ತ ಹೋಗುವುದು. ಎರಡನೆಯದು ಕಟ್ಟುಪಾಡಿನ ಬಗೆ: ಆ ಕೆಲಸಕ್ಕೆ ಬೇಕಾದ ಗುಣಗಳನ್ನು ಮೊದಲೇ ನಿಶ್ಚಯಿಸಿಕೊಂಡು, ಎಲ್ಲ ಉಮೇದುವಾರರಿಗೂ ಅವೇ ಪ್ರಶ್ನೆಗಳನ್ನು ಹಾಕಿ, ಪ್ರತಿ ಉತ್ತರಕ್ಕೂ ಗೊತ್ತಾದ ಕ್ರಮದಿಂದ ಅಂಕಗಳನ್ನು ಕೊಡುವುದು.

ಸಂದರ್ಶನದ ಅಂಕಗಳಿಗೂ ಮುಂದೆ ಆ ವ್ಯಕ್ತಿ ಮಾಡಿದ ಕೆಲಸದ ಗುಣಕ್ಕೂ ಇರುವ ಹೊಂದಿಕೆಯನ್ನು ಗಣಿತಜ್ಞರು ಒಂದು ಅಂಕಿಯಿಂದ ಸೂಚಿಸುತ್ತಾರೆ. ಏನೂ ಹೊಂದಿಕೆಯಿಲ್ಲದಿದ್ದರೆ 0. ಪೂರ್ಣ ಹೊಂದಿಕೆಯಿದ್ದರೆ 1. ಪಾಲ್ ಸ್ಯಾಕೆಟ್ ಮತ್ತು ಅವನ ಸಂಗಡಿಗರು ಅನೇಕ ದಶಕಗಳ ಸಂಶೋಧನೆಗಳನ್ನು ಮರುಲೆಕ್ಕ ಹಾಕಿ 2022ರಲ್ಲಿ ಪ್ರಕಟಿಸಿದಂತೆ, ಕಟ್ಟುಪಾಡಿನ ಸಂದರ್ಶನಕ್ಕೆ ಈ ಅಂಕಿ 0.42, ಹರಟೆಯ ಸಂದರ್ಶನಕ್ಕೆ ಬರಿಯ 0.19. ಕ್ರಮವಿಟ್ಟು ಕೇಳಿದ ಪ್ರಶ್ನೆಯೇ ಹೆಚ್ಚಿನ ಸತ್ಯವನ್ನು ಹೊರತೆಗೆಯುತ್ತದೆ. ಆದರೆ ಅದು ಕೂಡ 1ರಿಂದ ಬಹಳ ದೂರದಲ್ಲಿಯೇ ಇದೆ ಎಂಬುದನ್ನು ಮರೆಯಲಾಗದು.

ಹರಟೆಯಿಂದ ಮನುಷ್ಯನನ್ನು ತಿಳಿದೆವೆಂಬ ನಂಬಿಕೆ ಎಷ್ಟು ಟೊಳ್ಳೆಂಬುದನ್ನು 2013ರಲ್ಲಿ ಪ್ರಕಟವಾದ ಒಂದು ಪ್ರಯೋಗ ತೋರಿಸಿತು. ಜೇಸನ್ ಡಾನಾ ಮತ್ತು ಸಂಗಡಿಗರು ಕೆಲವು ವಿದ್ಯಾರ್ಥಿಗಳಿಂದ ಬೇರೆ ವಿದ್ಯಾರ್ಥಿಗಳನ್ನು ಸಂದರ್ಶನ ಮಾಡಿಸಿ, ಅವರ ಮುಂದಿನ ಅಂಕಗಳನ್ನು ಊಹಿಸಲು ಹೇಳಿದರು. ಕೆಲವು ಸಂದರ್ಶನಗಳಲ್ಲಿ ಉತ್ತರ ಹೇಳುವವರು ಗುಟ್ಟಾಗಿ, ಪ್ರಶ್ನೆಯ ಅರ್ಥಕ್ಕೆ ಸಂಬಂಧವೇ ಇಲ್ಲದ ಒಂದು ನಿಯಮದಂತೆ ಉತ್ತರಿಸಿದರು. ಹಾಗಿದ್ದರೂ ಪ್ರಶ್ನೆ ಕೇಳಿದವರಿಗೆ ತಾವು ಎದುರಿನವರನ್ನು ಅರಿತೆವೆಂಬ ನಂಬಿಕೆ ಕುಂದಲಿಲ್ಲ. ಹಿಂದಿನ ಅಂಕಗಳನ್ನಷ್ಟೇ ನೋಡಿ ಊಹಿಸಿದ್ದರೆ ಅವರ ಊಹೆ ಇದಕ್ಕಿಂತ ಮೇಲಾಗಿರುತ್ತಿತ್ತು!

ನ್ಯಾಯಾಲಯದ ಮುಂದೆ ಬಂದ ಪ್ರಶ್ನೆ

ಇದು ಹೊರದೇಶಗಳ ವಿದ್ವಾಂಸರ ಚರ್ಚೆ ಮಾತ್ರವಲ್ಲ. ಮಂಡ್ಯದಲ್ಲಿ ಇಂಜಿನಿಯರಿಂಗ್ ಕಾಲೇಜು ಆರಂಭವಾದುದು 1962ರಲ್ಲಿ. ಅದೇ ಕಾಲದಲ್ಲಿ ಆಗಿನ ಮೈಸೂರು ರಾಜ್ಯ ಸರ್ಕಾರವು ಇಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳ ಪ್ರವೇಶಕ್ಕೆ ಪರೀಕ್ಷೆಯ ಅಂಕಗಳೊಂದಿಗೆ ಸಂದರ್ಶನದ ಅಂಕಗಳನ್ನೂ ಸೇರಿಸಿತು. ಸಾಮಾನ್ಯ ಜ್ಞಾನ, ವ್ಯಕ್ತಿತ್ವ, ಆಟೋಟ, ಎನ್.ಸಿ.ಸಿ. ಮೊದಲಾದವುಗಳನ್ನು ಅಲ್ಲಿ ತೂಗಿ ನೋಡಬೇಕೆಂಬುದು ಆಜ್ಞೆ. ಇದು ಚಿತ್ರಲೇಖಾ ಮೊಕದ್ದಮೆಯೆಂದು ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1964ರ ತೀರ್ಪಿನಲ್ಲಿ ನ್ಯಾಯಾಲಯವು, ದುರುಪಯೋಗಕ್ಕೆ ಎಡೆಯಿದೆಯೆಂಬ ಕಾರಣ ಮಾತ್ರದಿಂದ ಸಂದರ್ಶನವೆಂಬ ಕ್ರಮವನ್ನೇ ತಳ್ಳಿಹಾಕಲಾಗದೆಂದಿತು. 1981ರ ಅಜಯ್ ಹಾಸಿಯಾ ಮೊಕದ್ದಮೆಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಒಟ್ಟು ಅಂಕಗಳಲ್ಲಿ ಮೂರನೆಯ ಒಂದು ಭಾಗವನ್ನು ಎರಡು ಮೂರು ನಿಮಿಷಗಳ ಸಂದರ್ಶನಕ್ಕೆ ಮೀಸಲಿಡುವುದು ಅನ್ಯಾಯವೆಂದಿತು. ಮುಂದೆ ಕೇಂದ್ರ ಸರ್ಕಾರವು 2016ರ ಜನವರಿ 1ರಿಂದ ತನ್ನ ಕೆಳದರ್ಜೆಯ ಹುದ್ದೆಗಳಿಗೆ ಸಂದರ್ಶನವನ್ನೇ ಕೈಬಿಟ್ಟಿತು.

ಖಾಸಗಿ ಉದ್ಯಮಗಳಲ್ಲಿ ಮತ್ತು ಮೇಲಿನ ಹುದ್ದೆಗಳಲ್ಲಿ ಅದು ಉಳಿದೇ ಇದೆ. ಹಾಗಿರುವಾಗ ಉಮೇದುವಾರನ ಕೈಯಲ್ಲಿರುವುದೇನು? ಪ್ರಶ್ನೆ ಹೇಗೇ ಇರಲಿ, ಉತ್ತರಕ್ಕೆ ಕಟ್ಟುಪಾಡನ್ನು ಅವನೇ ಒದಗಿಸಬಹುದು. ಅಭಿಪ್ರಾಯಕ್ಕೆ ಬದಲಾಗಿ ಸಾಕ್ಷ್ಯವನ್ನು ಮುಂದಿಡಬಹುದು.

ಅರ್ಜಿಯಲ್ಲಿ ಬರೆಯುವುದೇನು

ಮೊದಲ ಸಾಕ್ಷ್ಯ ಅರ್ಜಿಯೇ. “ನಾನು ಶ್ರಮಜೀವಿ, ಪ್ರಾಮಾಣಿಕ, ಎಲ್ಲರೊಡನೆ ಹೊಂದಿಕೊಳ್ಳುವವನು” ಎಂದು ನೂರು ಮಂದಿ ಬರೆಯುತ್ತಾರೆ. ನೂರರಲ್ಲಿಯೂ ಇರುವ ಮಾತು ನೂರರಲ್ಲಿ ಒಬ್ಬನನ್ನು ಗುರುತಿಸಲಾರದು. ಮೈಕೆಲ್ ಸ್ಪೆನ್ಸ್ ಎಂಬ ಅರ್ಥಶಾಸ್ತ್ರಜ್ಞನು 1973ರಲ್ಲಿ ಇದನ್ನೇ ಸಿದ್ಧಾಂತವಾಗಿ ವಿವರಿಸಿದನು: ಯಾರು ಬೇಕಾದರೂ ಸುಲಭವಾಗಿ ತೋರಬಲ್ಲ ಗುರುತಿಗೆ ಬೆಲೆಯಿಲ್ಲ, ಯೋಗ್ಯತೆಯಿಲ್ಲದವನಿಗೆ ಕಷ್ಟವೆನಿಸುವ ಗುರುತಿಗೆ ಬೆಲೆಯುಂಟು. ಅವನಿಗೆ 2001ರಲ್ಲಿ ನೊಬೆಲ್ ಬಹುಮಾನದಲ್ಲಿ ಪಾಲು ದೊರೆಯಿತು.

ಆದ್ದರಿಂದ ಗುಣವಾಚಕಗಳನ್ನು ಬಿಟ್ಟು, ಮಾಡಿದ ಕೆಲಸ, ಅದರ ಕಾಲ, ಅದರ ಪ್ರಮಾಣ ಇವುಗಳನ್ನು ಬರೆಯುವುದು ಲೇಸು. ಅರ್ಜಿ ಒಂದೆರಡು ಪುಟಗಳನ್ನು ಮೀರಬೇಕಿಲ್ಲ. ಹೆಸರಿನ ವಿಷಯದಲ್ಲಿ ನಮ್ಮ ಕಡೆಯವರು ವಿಶೇಷ ಎಚ್ಚರ ವಹಿಸಬೇಕು. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ತಂದೆಯ ಹೆಸರಿನ ಮೊದಲಕ್ಷರ, ಆಧಾರಿನಲ್ಲಿ ಪೂರ್ತಿ ಹೆಸರು, ಪದವಿ ಪತ್ರದಲ್ಲಿ ಮತ್ತೊಂದು ಬಗೆಯ ಕಾಗುಣಿತ ಹೀಗಾದರೆ, ಆಯ್ಕೆಯಾದ ಮೇಲೆಯೂ ತೊಡಕು ತಪ್ಪದು. ಇದನ್ನು ಓದುವ ದಿನಗಳಲ್ಲಿಯೇ ಸರಿಪಡಿಸಿಕೊಳ್ಳುವುದು ಮೇಲು. ಇಲ್ಲದ ಅನುಭವವನ್ನು ಬರೆಯಲೇಬಾರದು. ಅದರ ಮೇಲೆ ಕೇಳುವ ಎರಡನೆಯ ಪ್ರಶ್ನೆಗೆ ಉತ್ತರವಿರುವುದಿಲ್ಲ.

ಹಾಲಿನ ಲೆಕ್ಕವೂ ಅನುಭವವೇ

“ನಮಗೆ ಅನುಭವವೇ ಇಲ್ಲ” ಎಂಬುದು ಹಳ್ಳಿಯಿಂದ ಬಂದ ವಿದ್ಯಾರ್ಥಿಗಳ ಸಾಮಾನ್ಯವಾದ ಕೊರಗು. ಇದು ಎಷ್ಟರ ಮಟ್ಟಿಗೆ ನಿಜ? ಮಳವಳ್ಳಿ ತಾಲ್ಲೂಕಿನ ಒಂದು ಹಳ್ಳಿಯ ವಿದ್ಯಾರ್ಥಿನಿಯನ್ನು ಕಲ್ಪಿಸಿಕೊಳ್ಳೋಣ. ಕಾಲೇಜಿಗೆ ಹೋಗುವ ಮುನ್ನ ಅವಳು ಊರಿನ ಹಾಲು ಉತ್ಪಾದಕರ ಸಂಘದಲ್ಲಿ ಲೆಕ್ಕ ಬರೆಯಲು ನೆರವಾಗುತ್ತಾಳೆ. “ಹೊಣೆಗಾರಿಕೆಯ ಕೆಲಸ ಮಾಡಿದ್ದೀರಾ?” ಎಂದು ಕೇಳಿದರೆ ಅವಳು, “ಇಲ್ಲ ಸಾರ್, ಓದ್ತಾ ಇದ್ದೆ ಅಷ್ಟೆ” ಎಂದುಬಿಡುತ್ತಾಳೆ. ಏಕೆಂದರೆ ಮನೆಯ, ಊರಿನ ಕೆಲಸ ಅವಳ ದೃಷ್ಟಿಯಲ್ಲಿ ಕೆಲಸವಲ್ಲ.

ಅದೇ ಉತ್ತರವನ್ನು ಅವಳು ಹೀಗೆ ಹೇಳಬಹುದಾಗಿತ್ತು: “ನಮ್ಮೂರಿನ ಹಾಲಿನ ಸಂಘದಲ್ಲಿ ಎರಡು ವರ್ಷ ಬೆಳಗಿನ ಲೆಕ್ಕ ಬರೆಯುತ್ತಿದ್ದೆ. ಹಾಲಿಗೆ ಬೆಲೆ ಕಟ್ಟುವುದು ಜಿಡ್ಡಿನ ಅಂಶದ ಮೇಲೆ. ಒಮ್ಮೆ ಒಬ್ಬರು ತಮಗೆ ಬಂದ ಹಣ ಕಡಮೆಯೆಂದು ತಕರಾರು ಮಾಡಿದರು. ಹದಿನೈದು ದಿನಗಳ ಪುಸ್ತಕವನ್ನು ಅವರೆದುರಿಗೇ ಕೂಡಿ ನೋಡಿದೆ. ಒಂದು ದಿನದ ಅಂಕಿ ಪಕ್ಕದ ಸಾಲಿಗೆ ಹೋಗಿತ್ತು. ಕಾರ್ಯದರ್ಶಿಗಳಿಗೆ ತೋರಿಸಿ ತಿದ್ದಿಸಿದೆ. ಅಂದಿನಿಂದ ಪ್ರತಿಯೊಬ್ಬರ ಅಂಕಿಯನ್ನು ಓದಿ ಹೇಳಿ ಬರೆಯುವ ರೂಢಿ ಮಾಡಿಕೊಂಡೆ.”

ಈ ಉತ್ತರದಲ್ಲಿ ನಾಲ್ಕು ಭಾಗಗಳಿವೆ: ಸಂದರ್ಭ, ತನ್ನ ಹೊಣೆ, ತಾನು ಮಾಡಿದ ಕೆಲಸ, ಅದರ ಫಲ. ಪ್ರಾಮಾಣಿಕಳೆಂದು ಅವಳು ಎಲ್ಲಿಯೂ ಹೇಳಿಕೊಂಡಿಲ್ಲ, ಕೇಳಿದವರೇ ಹಾಗೆಂದುಕೊಳ್ಳುತ್ತಾರೆ. ಆಲೆಮನೆಯಲ್ಲಿ ಪಾಕದ ಹದ ನೋಡುವುದು, ನಾಲೆಯ ನೀರಿನ ಸರದಿಯನ್ನು ನೆರೆಯವರೊಡನೆ ಹೊಂದಿಸಿಕೊಳ್ಳುವುದು, ರೇಷ್ಮೆಹುಳುವಿನ ಮನೆಯ ಶಾಖವನ್ನು ಕಾಯುವುದು ಇವೆಲ್ಲವೂ ಇಂಥ ಸಾಕ್ಷ್ಯಗಳೇ. ಸಂದರ್ಶನಕ್ಕೆ ಹೋಗುವ ಮುನ್ನ ಇಂಥ ನಾಲ್ಕೈದು ಪ್ರಸಂಗಗಳನ್ನು ಆರಿಸಿಕೊಂಡಿರಬೇಕು. ಬುಡ, ನಡು, ತುದಿಗಳ ರಸವನ್ನು ತೆಗೆದಿಟ್ಟಂತೆ, ಒಂದು ಹೊಣೆಗಾರಿಕೆಗೆ, ಒಂದು ಕಷ್ಟಕ್ಕೆ, ಒಂದು ಸೋಲಿಗೆ, ಒಂದು ಕೂಡಿ ಮಾಡಿದ ಕೆಲಸಕ್ಕೆ ಮೀಸಲಾಗಿರಲಿ.

ಈ ಪ್ರಸಂಗಗಳನ್ನು ಬರೆದು ಮತ್ತೆ ಮತ್ತೆ ಓದಿದರೆ ಸಾಲದು. ರೋಡಿಗರ್ ಮತ್ತು ಕಾರ್ಪಿಕೆ ಎಂಬವರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪಾಠವನ್ನು ಮತ್ತೆ ಓದಿದವರಿಗಿಂತ ಪುಸ್ತಕ ಮುಚ್ಚಿ ನೆನಪಿನಿಂದ ಹೇಳಿಕೊಂಡವರೇ ಒಂದು ವಾರದ ತರುವಾಯ ಹೆಚ್ಚನ್ನು ನೆನೆದರು. ಗೆಳೆಯನನ್ನೋ ಅಕ್ಕನನ್ನೋ ಎದುರಿಗೆ ಕೂರಿಸಿಕೊಂಡು ಬಾಯಿಬಿಟ್ಟು ಹೇಳುವುದೇ ಸರಿಯಾದ ಅಭ್ಯಾಸ. ಆದರೆ ಮಾತಿಗೆ ಮಾತು ಕಂಠಪಾಠ ಬೇಡ. ಒಂದು ಪದ ಜಾರಿದರೆ ಇಡೀ ಉತ್ತರವೇ ಜಾರಿಹೋಗುತ್ತದೆ.

ಮಾತಿನ ಅಳುಕು

ಮಂಡ್ಯದ ಆಡುಮಾತಿಗೆ ತನ್ನದೇ ಆದ ಸೊಗಸುಂಟು. ಅದರಲ್ಲಿ ‘ಹಾಲು’ ‘ಆಲು’ ಆಗುವುದು ಕೇವಲ ಉಚ್ಚಾರದ ರೂಢಿ. ಬುದ್ಧಿಗೂ ಅದಕ್ಕೂ ಸಂಬಂಧವಿಲ್ಲ. ಆದರೂ ನಗರದ ಕಚೇರಿಯಲ್ಲಿ ಇದೇ ಅಳುಕು ಅನೇಕರ ಬಾಯಿ ಕಟ್ಟುತ್ತದೆ. ನಿಧಾನವಾಗಿ, ಚಿಕ್ಕ ವಾಕ್ಯಗಳಲ್ಲಿ ಮಾತನಾಡುವುದು ಇದಕ್ಕೆ ಒಳ್ಳೆಯ ಉಪಾಯ. ಇಂಗ್ಲಿಷಿನ ಪ್ರಶ್ನೆ ಅರ್ಥವಾಗದಿದ್ದರೆ ಇನ್ನೊಮ್ಮೆ ಹೇಳಬೇಕೆಂದು ವಿನಯದಿಂದ ಕೇಳಬಹುದು. ಕನ್ನಡದಲ್ಲಿ ಉತ್ತರಿಸಬಹುದೆ ಎಂದೂ ಕೇಳಬಹುದು. ಕೆಲಸಕ್ಕೆ ಇಂಗ್ಲಿಷ್ ಅಗತ್ಯವಿದ್ದರೆ ಅದನ್ನು ಕಲಿಯಲೇಬೇಕು. ಅದು ಒಂದು ದಿನದ ವೇಷದಿಂದ ಬರುವುದಲ್ಲ. ತಿಳಿಯದ ವಿಷಯಕ್ಕೆ ‘ತಿಳಿಯದು’ ಎನ್ನುವುದರಲ್ಲಿ ಅವಮಾನವಿಲ್ಲ.

ಆಯ್ಕೆಯಾಗದಿದ್ದರೆ

ಇಷ್ಟೆಲ್ಲ ಮಾಡಿಯೂ ಕೆಲಸ ದೊರೆಯದಿರಬಹುದು. ಆಗ ದೋಷವೆಲ್ಲ ತನ್ನದೇ ಎಂದು ಕುಗ್ಗುವುದು ಸಲ್ಲದು. ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟವೆಲ್ ನಮ್ಮ ದೇಶದ ಖಾಸಗಿ ಉದ್ಯೋಗದ ಜಾಹೀರಾತುಗಳಿಗೆ, ಹೆಸರನ್ನು ಬಿಟ್ಟು ಉಳಿದೆಲ್ಲ ಅರ್ಹತೆಗಳೂ ಸಮನಾಗಿದ್ದ ಅರ್ಜಿಗಳನ್ನು ಕಳಿಸಿ 2007ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಮೇಲ್ಜಾತಿಯನ್ನು ಸೂಚಿಸುವ ಹೆಸರುಗಳಿಗಿಂತ ದಲಿತ ಮತ್ತು ಮುಸ್ಲಿಂ ಹೆಸರುಗಳಿಗೆ ಕರೆ ಬಂದುದು ಕಡಮೆ. ಮಾಪಕವೇ ಬಾಗಿರುವಲ್ಲಿ ಮಾಪಕವನ್ನು ತಿದ್ದಬೇಕಾದುದು ಸಮಾಜದ ಹೊಣೆ. ಅದಕ್ಕಾಗಿ ಒಬ್ಬ ಹುಡುಗಿ ತನ್ನ ಹೆಸರಿಗೆ ನಾಚಬೇಕಾಗಿಲ್ಲ.

ಉಮೇದುವಾರನು ಮಾಡಬಹುದಾದುದು ಒಂದುಂಟು. ಹೊರಗೆ ಬಂದೊಡನೆ ಕೇಳಿದ ಪ್ರಶ್ನೆಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡು, ಯಾವ ಉತ್ತರಕ್ಕೆ ಸಾಕ್ಷ್ಯ ಸಾಲದೆ ಹೋಯಿತೆಂದು ಗುರುತು ಮಾಡಿಕೊಳ್ಳುವುದು. ಅಲ್ಲಿ ಕಂಡ ಕೊರತೆ ಲೆಕ್ಕ ಬರೆಯುವುದರದಾಗಿರಬಹುದು, ಯಂತ್ರದ ಪರಿಚಯದ್ದಾಗಿರಬಹುದು, ಭಾಷೆಯದಾಗಿರಬಹುದು. ಮುಂದಿನ ಸಂದರ್ಶನದ ವರೆಗಿನ ದಿನಗಳಲ್ಲಿ ಆ ಒಂದನ್ನು ಕಲಿಯಬೇಕು. ಇಂದು ಪ್ರೌಢಶಾಲೆಯಲ್ಲಿರುವವರಿಗಂತೂ ಇದಕ್ಕೆ ಬೇಕಾದಷ್ಟು ಸಮಯವಿದೆ.