ಮೈ ಮುಟ್ಟುವ ಮೊದಲು ಒಂದು ಮಾತು

108 ಆಂಬುಲೆನ್ಸ್ ಬಂದು ನಿಂತರೆ ಸುತ್ತ ನೆರೆದವರ ಕಣ್ಣು ಸ್ಟ್ರೆಚರ್ ಮೇಲೆ. ನನ್ನ ಕುತೂಹಲವೆಲ್ಲ ಒಳಗಿಂದ ಇಳಿಯುವ ಇಎಂಟಿಯ (ತುರ್ತು ವೈದ್ಯಕೀಯ ತಂತ್ರಜ್ಞರ) ಮೊದಲ ಮಾತಿನ ಮೇಲೆ. ಗುರುತು ಪರಿಚಯವಿಲ್ಲದ ಮನೆಗೆ ಹೋಗಿ, ನೋವಿನಲ್ಲಿ ಒದ್ದಾಡುವವರ ಮೈ ಮುಟ್ಟಬೇಕಾದ ಕೆಲಸವಿದು. ನಂಬಿಕೆ ಗಳಿಸಲು ಸಿಗುವುದು ಒಂದೆರಡು ನಿಮಿಷ.

ಮಲೆನಾಡಿನ ತಾಲ್ಲೂಕೊಂದರ ಹಿರಿಯ ಇಎಂಟಿಯೊಬ್ಬರು ನಿಂತು ಮಾತಾಡುವುದಿಲ್ಲ, ರೋಗಿಯ ಪಕ್ಕ ಕೂರುತ್ತಾರೆ. ‘ಅಕ್ಕ, ನಾನು 108ರವಳು. ಹೆಸರೇನು ನಿಮ್ದು?’ ಆಮೇಲೆ ಆ ಹೆಸರನ್ನು ಬಿಡುವುದಿಲ್ಲ. ಬಿಪಿ ನೋಡುವಾಗಲೂ ಮೊದಲೇ ಹೇಳುತ್ತಾರೆ: ‘ಕೈಗೆ ಪಟ್ಟಿ ಕಟ್ತೀನಿ, ಬಿಗಿ ಆಗುತ್ತೆ, ಆಮೇಲೆ ಸಡಿಲ ಆಗುತ್ತೆ.’ ಹೇಳಿದಂತೆಯೇ ಆದಾಗ ಮುಂದಿನ ಮಾತಿಗೂ ಬೆಲೆ ಬರುತ್ತದೆ. ‘ಏನೂ ಆಗಲ್ಲ’ ಎಂದು ಮಾತ್ರ ಅವರು ಹೇಳುವುದಿಲ್ಲ. ಈಗ ಏನು ಮಾಡುತ್ತಿದ್ದೇವೆ, ಯಾವ ಆಸ್ಪತ್ರೆಗೆ ಹೋಗುತ್ತಿದ್ದೇವೆ, ಅಷ್ಟೇ. ಕೂಗಾಡುವ ಅಣ್ಣನ ಕೈಗೆ ಟಾರ್ಚ್ ಕೊಟ್ಟು, ‘ದಾರಿಗೆ ಬೆಳಕು ಹಿಡೀರಿ’ ಎನ್ನುತ್ತಾರೆ. ಕೈಗೆ ಕೆಲಸ ಸಿಕ್ಕವನ ದನಿ ತಾನಾಗಿ ಇಳಿಯುತ್ತದೆ. ಹೆರಿಗೆ ನೋವಿನ ಹೆಣ್ಣುಮಗಳಿದ್ದರೆ ಅವಳ ಅಮ್ಮನನ್ನು ಪಕ್ಕದಲ್ಲೇ ಕೂರಿಸಿಕೊಳ್ಳುತ್ತಾರೆ. ಆಸ್ಪತ್ರೆ ತಲುಪಿದ ಮೇಲೆ, ‘ಇನ್ನು ಈ ಸಿಸ್ಟರ್ ನೋಡ್ಕೋತಾರೆ’ ಎಂದು ತೋರಿಸಿಯೇ ಹೊರಡುವುದು. ಗಳಿಸಿದ ನಂಬಿಕೆಯನ್ನು ಹೀಗೆ ಇನ್ನೊಬ್ಬರ ಕೈಗೆ ಒಪ್ಪಿಸುವುದು ನನಗಂತೂ ಚಿಕಿತ್ಸೆಯ ಭಾಗವಾಗಿಯೇ ಕಂಡಿತು.

2005ರ ಆಗಸ್ಟ್ 15ರಂದು ಹೈದರಾಬಾದಿನಲ್ಲಿ ಶುರುವಾದ 108 ಸೇವೆ, 2008ರ ನವೆಂಬರ್‌ನಲ್ಲಿ ‘ಆರೋಗ್ಯ ಕವಚ’ವಾಗಿ ಕರ್ನಾಟಕಕ್ಕೆ ಬಂತು. 2015ರಲ್ಲಿ ಬೈಕ್ ಆಂಬುಲೆನ್ಸ್‌ಗಳೂ ಸೇರಿದವು. ಊರು ಯಾವುದು, ಹತ್ತಿರ ಶಾಲೆಯಿದೆಯೋ, ಹಾಲಿನ ಡೇರಿಯಿದೆಯೋ ಎಂದು ಗಾಬರಿಯಲ್ಲಿರುವವರಿಂದ ಬಿಡಿಸಿ ಬಿಡಿಸಿ ಕೇಳಿಕೊಳ್ಳುವ ಕಾಲ್ ಸೆಂಟರ್‌ನವರದೂ ನಂಬಿಕೆ ಗಳಿಸುವ ಇದೇ ಕಸುಬು.

ಇಷ್ಟು ನಾಜೂಕಿನ ಕೆಲಸ ಮಾಡುವವರು ಗುತ್ತಿಗೆ ನೌಕರರು. ಬಾಕಿ ಸಂಬಳಕ್ಕಾಗಿ 108 ಸಿಬ್ಬಂದಿ ಮತ್ತೆ ಮತ್ತೆ ಬೀದಿಗಿಳಿದದ್ದನ್ನು ರಾಜ್ಯ ನೋಡಿದೆ. ಅನುಭವಸ್ಥರು ಬೇಸತ್ತು ಕೆಲಸ ಬಿಟ್ಟರೆ ಹೊಸ ವಾಹನ ಕೊಂಡು ಆ ಜಾಗ ತುಂಬಲಾಗದು.

ರೋಗಿಯನ್ನು ಒಪ್ಪಿಸಿದ ಮೇಲೆ ಏನಾಯಿತೆಂದು ಇಎಂಟಿಗಳಿಗೆ ಎಷ್ಟೋ ಸಲ ತಿಳಿಯುವುದೇ ಇಲ್ಲ. ಗುಣವಾದವರು ಕೃತಜ್ಞತೆ ಹೇಳೋಣವೆಂದು 108ಕ್ಕೆ ಫೋನ್ ಮಾಡಿದರೂ ಕರೆ ಹೋಗುವುದು ಕಾಲ್ ಸೆಂಟರ್‌ಗೆ, ಅಂದು ಪಕ್ಕದಲ್ಲಿ ಕೂತಿದ್ದ ಆ ಅಕ್ಕನಿಗಲ್ಲ.